ಸೋರುವ ಗಾಜಿಗೆ ಕೆಂಚವ್ವನ ಕಣಕ

೩ ಅಕ್ಟೋಬರ್ ೧೯೮೮, ಸೋಮವಾರ. ಮಧ್ಯಾಹ್ನ

ಮತ್ತೆ ಸೋರಿತು. ಸುರಿದು ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಎಡಗಡೆಯ ಕೆಳಮೂಲೆಯಿಂದ ತೊಟ್ಟು ತೊಟ್ಟು. ಬೆರಳು ಒತ್ತಿ ಹಿಡಿದೆ. ಬಲಗಡೆ ಶುರುವಾಯಿತು. ಎರಡು ಕೈಯಲ್ಲಿ ಎರಡು ಮೂಲೆ ಹಿಡಿದು ನಿಂತೆ. ಆಗಲೇ ಮೂಗು ತುರಿಸಬೇಕೆ?

ಈ ಸೋರುವ ಗಾಜಿನ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಲ್ಯಾಬಿನ ಅಟೆಂಡರ್ ಮಶಾಕಸಾಬರು. ಹೋದ ಜೂನ್‌ನಲ್ಲಿ, ನಾನು ಯರಗುಪ್ಪಿಯ ಈ ಬೀಜ ಕೇಂದ್ರಕ್ಕೆ ಹಾಜರಾದ ದಿನವೇ, ಚಹಾ ಕುಡಿಯುತ್ತ ಹೇಳಿದ್ದರು. ನನಗಿಂತ ಮೊದಲಿದ್ದವರು ಎರಡು ಗಾಜಿನ ನಡುವೆ ಔಷಧ ಸುರಿಯುತ್ತಿದ್ದರಂತೆ. ಅದು ಮೊಸರಿನ ಹಾಗೆ ಹೆಪ್ಪುಗಟ್ಟಬೇಕಂತೆ. ಹೆಪ್ಪುಗಟ್ಟುವ ಮೊದಲೇ ನೆಲಕ್ಕೆ ಇಳಿಯುತ್ತಿತ್ತಂತೆ. ಕೊನೆಗೆ ಆ ಸಾಹೇಬರು ಗಾಜಿಗೆ ಕೈಮುಗಿದು ವರ್ಗ ಮಾಡಿಸಿಕೊಂಡು ಹೋದರಂತೆ. ಆವತ್ತು ನಕ್ಕಿದ್ದೆ. ಬಮ್ಮಿಗಟ್ಟಿಯಲ್ಲಿ ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿ ಬೆಳೆದವನು ನಾನು. ಕಥೆ ಎಂದರೆ ಇನ್ನೊಬ್ಬರಿಗೆ ಆಗುವುದು ಎಂದೇ ತಿಳಿದಿದ್ದೆ.

ಕೆಂಚವ್ವ ಇವತ್ತೂ ಬಂದು ಕೇಳಿ ಹೋದಳು. ಏನು ಹೇಳಲಿ? ಈ ಊರಲ್ಲಿ ಜವಾರಿ ಗೋಧಿಯ ಬೀಜ ಎಂದರೆ ಅವಳ ಮನೆಯದು. ಅತ್ತೆಯ ಕಾಲದಿಂದ ನಡೆದು ಬಂದದ್ದು. ಸೀಗಿ ಹುಣ್ಣಿಮೆಯ ಮರುದಿನ ಕಣಜದ ಬಾಯಿಗೆ ಮೆತ್ತಿದ ಮಣ್ಣು ಒಡೆದು ಬೀಜ ಕೊಡುತ್ತಾಳೆ. ಒಯ್ದವರು ಸುಗ್ಗಿಯಲ್ಲಿ ಕಾಳು ತಿರುಗಿಸುತ್ತಾರೆ. ಹೋದ ವರ್ಷ ಒಯ್ದ ಶಿದ್ಲಿಂಗಪ್ಪನವರ ಹೊಲದಲ್ಲಿ ಎರಡು ಥರದ ತೆನೆ ಬಂದವು. ಒಂದು ಜವಾರಿ, ಇನ್ನೊಂದು ಸೊಸೈಟಿಯಲ್ಲಿ ಸಿಗುವ ಹೊಸ ತಳಿ. ಕೆಂಚವ್ವ ಸೊಸೈಟಿ ಬೀಜ ಬೆರೆಸಿ ಕೊಟ್ಟಳು ಎಂದು ಅವರು ಊರೆಲ್ಲ ಹೇಳಿದರು. ಈಗ ಎಲ್ಲರಿಗೂ ತಮ್ಮ ಹೊಲದಲ್ಲೂ ಹಾಗೇ ಇದ್ದಂತೆ ನೆನಪಾಗುತ್ತಿದೆ.

ತೆನೆಯಲ್ಲಿ ಕಾಣುವ ಫರಕು ಕಾಳಿನಲ್ಲಿ ಕಾಣುವುದಿಲ್ಲ. ಅದಕ್ಕೇ ಅವಳೇ ಕಣಜದ ತಳದ ತೂತಿನಿಂದ ಹಿಡಿಕಾಳು ತೆಗೆದು ತಂದಳು. ನಿಮ್ಮ ಮಿಷನ್ನಿಗೆ ಹಾಕಿ ನೋಡ್ರಿ, ಏನ್ ಬರತೈತೋ ಬರಲಿ ಎಂದಳು. ಹುಣ್ಣಿಮೆಯೊಳಗೆ ಉತ್ತರ ಸಿಗದಿದ್ದರೆ ಅವಳ ಬಾಗಿಲಿಗೆ ಬೀಜಕ್ಕೆ ಯಾರೂ ಬರುವುದಿಲ್ಲ. ಆ ಮಿಷನ್ ಇರುವುದೋ ಎರಡು ಗಾಜು ಜೋಡಿಸಲು ಬಾರದವನ ಕೈಯಲ್ಲಿ.

೫ ಅಕ್ಟೋಬರ್, ಬುಧವಾರ

ಸೋರಿತು.

ಗಾಜಿನ ನಡುವೆ ಅಂಚಿಗೆ ಇಡುವ ಪ್ಲಾಸ್ಟಿಕ್ ಪಟ್ಟಿಗೆ ವ್ಯಾಸಲಿನ್ ಸವರಿದೆ. ಸೋರಿತು. ಜಾಸ್ತಿ ಸವರಿದೆ. ಪಟ್ಟಿಯೇ ಜಾರಿ ಹೊರಗೆ ಬಂತು. ಸೆಲೊಟೇಪ್ ಸುತ್ತಿದೆ. ಔಷಧ ಟೇಪಿನ ಕೆಳಗೆ ಹಾದಿ ಮಾಡಿಕೊಂಡು, ಎಲ್ಲಿಂದ ಬರುತ್ತಿದೆ ಎಂಬುದೂ ಗೊತ್ತಾಗದ ಹಾಗೆ ಬಂತು. ಮೇಣದಬತ್ತಿ ಕರಗಿಸಿ ಹಚ್ಚಿದೆ. ಆರಿದ ಮೇಲೆ ಹಪ್ಪಳದಂತೆ ಎದ್ದು ಬಂತು.

ಹೊಂಬಳ ಸಾಹೇಬರು, ನಮ್ಮ ಕೇಂದ್ರದ ಮುಖ್ಯಸ್ಥರು, ಬಾಗಿಲಲ್ಲೇ ನಿಂತು ನೋಡಿದರು. ಕ್ಲಿಪ್ ಜಾಸ್ತಿ ಹಾಕಿ ಎಂದು ಹೋದರು. ಕಾಗದ ಹಿಡಿಯುವ ದೊಡ್ಡ ಕ್ಲಿಪ್ಪುಗಳು ಆಫೀಸಿನಲ್ಲಿ ಎಷ್ಟಿದ್ದವೋ ಅಷ್ಟೂ ತಂದು ಹಾಕಿದೆ. ಗಾಜು ಮುಳ್ಳುಹಂದಿ ಆಯಿತು. ಮೊದಲಿಗಿಂತ ಜೋರು ಸೋರಿತು. ಕ್ಲಿಪ್ ಹೆಚ್ಚಾದರೆ ಸೋರಿಕೆ ಹೇಗೆ ಹೆಚ್ಚಾಗುತ್ತದೆ? ಯಾರನ್ನು ಕೇಳಲಿ?

ಈ ಔಷಧ ವಿಷ ಬೇರೆ. ಹೆಪ್ಪು ಹಾಕಲು ಕೊನೆಗೆ ಸೇರಿಸುವ ಹನಿಯೋ, ಕೊಳೆತ ಮೀನಿನ ವಾಸನೆ. ಕೈಗವಸು ಹರಿದಿದೆ. ಹೊಸದಕ್ಕೆ ಬರೆದು ಹಾಕಿದ್ದು ಯಾವ ಆಫೀಸಿನಲ್ಲಿ ಮಲಗಿದೆಯೋ. ಮಶಾಕಸಾಬರು ನೆಲ ಒರೆಸುತ್ತ, ‘ಸರ, ನಿಮಗೂ ವರ್ಗದ ಅರ್ಜಿ ತರಲೇನ್ರಿ?’ ಎಂದರು. ನಗು ಬರಲಿಲ್ಲ.

೬ ಅಕ್ಟೋಬರ್, ಗುರುವಾರ

ಕೆಂಚವ್ವ ಬಂದಾಗ ಅದೇ ಭಂಗಿ. ಎರಡು ಕೈ, ಎರಡು ಮೂಲೆ. ಇದೇನು ಎಂದು ಕೇಳಿದಳು. ಹೇಳಿದೆ: ಹೆಪ್ಪುಗಟ್ಟಿದ ಮೇಲೆ ಮೇಲ್ಗಡೆ ಸಣ್ಣ ಸಣ್ಣ ಮನೆ ಇರುತ್ತವೆ, ಒಂದೊಂದು ಮನೆಗೆ ಒಂದೊಂದು ಬೀಜದ ರಸ ಹಾಕಿ ಕರೆಂಟ್ ಕೊಟ್ಟರೆ ರಸ ಕೆಳಗೆ ಇಳಿಯುತ್ತದೆ, ನೀಲಿ ಬಣ್ಣ ಹಾಕಿದರೆ ಗೆರೆ ಕಾಣುತ್ತವೆ, ಜವಾರಿ ಗೆರೆ ಬೇರೆ, ಸೊಸೈಟಿ ಗೆರೆ ಬೇರೆ. ಎಲ್ಲ ಕೇಳಿ ನನ್ನ ಬೆರಳು ನೋಡಿದಳು.

‘ತಮ್ಮಾ, ಗಡಿಗಿ ಬಾಯಿಗೆ ಕಣಕ ಮೆತ್ತಿದ್ರ ಉಗಿ ಸುದ್ದಾ ಹೊರಗ ಬರಂಗಿಲ್ಲ. ನಿಂದು ಬರೇ ನೀರ ಐತಿ.’

‘ಯವ್ವಾ, ಇದು ಅಡಗಿ ಅಲ್ಲ.’

‘ಅಡಗಿ ಆಗಿದ್ರ ಇಷ್ಟೊತ್ತಿಗೆ ಉಂಡು ಏಳತಿದ್ವಿ.’

ಹೋಗಿ ತಂದೇಬಿಟ್ಟಳು. ಗೋಧಿಹಿಟ್ಟು ಗಟ್ಟಿಯಾಗಿ ನಾದಿದ ಮುದ್ದೆ, ತೇವದ ಬಟ್ಟೆಯಲ್ಲಿ ಸುತ್ತಿ. ಎಳೆದರೆ ರಬ್ಬರ್. ಸಾಹೇಬರು ಹುಬ್ಬಳ್ಳಿಗೆ ಹೋಗಿದ್ದರು. ನೋಡೋಣ, ಇದಕ್ಕಿಂತ ಹಾಳಾಗುವುದೇನಿದೆ...

೭ ಅಕ್ಟೋಬರ್, ಶುಕ್ರವಾರ

ಸೋರಲಿಲ್ಲ!

ತಳಕ್ಕೂ ಎರಡು ಬದಿಗೂ, ಮೇಲಿನ ತನಕ, ಕಣಕ ಮೆತ್ತಿ ಹೆಬ್ಬೆರಳಿನಿಂದ ತೀಡಿದೆ. ಸುರಿದೆ. ಕೆಳಗೆ ಹಾಸಿದ ಪೇಪರ್ ಒಣಗಿದ್ದು ಒಣಗಿದ್ದ ಹಾಗೇ ಇತ್ತು. ಮಶಾಕಸಾಬರು ಬಗ್ಗಿ ನೋಡಿ ‘ಅಗದಿ ಬರೋಬ್ಬರಿ’ ಎಂದರು. ಹೆಪ್ಪುಗಟ್ಟಿತು. ಮೂರು ಬೀಜದ ರಸ ಹಾಕಿದೆ: ಸೊಸೈಟಿಯದು, ಕೆಂಚವ್ವನ ಕಣಜದ್ದು, ಶಿದ್ಲಿಂಗಪ್ಪನವರ ಬೆಳೆಯದು. ಕರೆಂಟ್ ನಡುವೆ ಹೋಯಿತು, ಬಂತು. ಬೈಯಲಿಲ್ಲ. ಅಷ್ಟು ಖುಷಿ.

ಐದು ವರ್ಷ ಓದಿದ್ದು ಕಣಕದ ಮುಂದೆ ಏನೂ ಅಲ್ಲ ಎಂದು ಅಂದುಕೊಂಡು ಉಂಡೆ.

೮ ಅಕ್ಟೋಬರ್, ಶನಿವಾರ

ಹೆಚ್ಚಾದ ನೀಲಿ ಬಣ್ಣ ತೊಳೆದು ಬಿಡಿಸಿ ನೋಡಿದೆ. ಕೆಂಚವ್ವನ ಸಾಲಿನಲ್ಲಿ ಎರಡೂ ಇವೆ. ಜವಾರಿ ಗೆರೆ, ಸೊಸೈಟಿ ಗೆರೆ. ಶಿದ್ಲಿಂಗಪ್ಪನವರ ಬೆಳೆಯಲ್ಲಿ ಇದ್ದ ಹಾಗೇ. ಬೆರಕೆ.

ಕಣ್ಣು ತಿಕ್ಕಿ ನೋಡಿದೆ. ಹಾಗೇ.

ಸಾಹೇಬರಿಗೆ ತೋರಿಸಿದೆ. ಕೇಂದ್ರದಲ್ಲಿ ಹೆಪ್ಪುಗಟ್ಟಿದ ಮೊದಲ ಜೆಲ್. ಅವರ ಸಂತೋಷ ಹೇಳತೀರದು. ಶಿದ್ಲಿಂಗಪ್ಪನವರು ಕರೆಸಿದವರ ಹಾಗೆ ಅದೇ ಹೊತ್ತಿಗೆ ಬಂದರು. ಸಾಹೇಬರು ಗಾಜನ್ನು ಕಿಟಕಿಗೆ ಹಿಡಿದು ತೋರಿಸಿಯೇಬಿಟ್ಟರು. ಇನ್ನೊಮ್ಮೆ ಮಾಡಿ ನೋಡೋಣ ಸರ್ ಎಂದೆ. ಕೇಳಿಸಲಿಲ್ಲವೋ, ಕೇಳಲಿಲ್ಲವೋ.

ಗೇಟಿನ ಹತ್ತಿರ ಕೆಂಚವ್ವ ನಿಂತಿದ್ದಳು. ಶಿದ್ಲಿಂಗಪ್ಪನವರು ಅವಳನ್ನು ದಾಟಿಕೊಂಡು ಹೋಗುತ್ತ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೆಚ್ಚಾಯಿತು. ಅವಳು ನನ್ನ ಹತ್ತಿರ ಬಂದಳು.

‘ನೀ ಕಣ್ಣಿಲೆ ನೋಡಿದೇನ ತಮ್ಮಾ?’

‘ನೋಡೀನಿ ಯವ್ವಾ.’

‘ಆತ ಹಂಗಾರ.’

ಅಷ್ಟೇ. ಸೆರಗು ಸರಿಮಾಡಿಕೊಂಡು ಹೋದಳು.

೧೫ ಅಕ್ಟೋಬರ್, ಶನಿವಾರ

ಒಂದು ವಾರ ಬರೆಯಲಿಲ್ಲ. ಬರೆಯುವುದೇನು? ಕೆಂಚವ್ವ ಬರುತ್ತಿಲ್ಲ. ಊರಲ್ಲಿ ಆಗಲೇ ಕುಂದಗೋಳ ಸೊಸೈಟಿಗೆ ಬೀಜಕ್ಕೆ ಹೋಗೂಣು ಎಂದು ಮಾತು ನಡೆದಿದೆ. ಬಾವಿಯ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ ಎಂದು ಮಶಾಕಸಾಬರ ಹೆಂಡತಿ ಖಾಸಿಂಬಿ ಹೇಳಿದರಂತೆ. ಚಹಾದಂಗಡಿಯಲ್ಲಿ ನನಗೆ ಮರ್ಯಾದೆ ಹೆಚ್ಚಾಗಿದೆ. ಮಿಷನ್ ಸಾಹೇಬರು ಎನ್ನುತ್ತಾರೆ. ಚಹಾ ಅರ್ಧಕ್ಕೇ ಬಿಟ್ಟು ಏಳುತ್ತೇನೆ.

ಇವತ್ತು ಡಬ್ಬಿಯಲ್ಲಿ ಇಟ್ಟಿದ್ದ ಆ ಜೆಲ್ಲನ್ನು ಮತ್ತೆ ತೆಗೆದೆ. ಯಾಕೆ ತೆಗೆದೆನೋ. ಗಾಯದ ಹಕ್ಕಳೆ ಕೀಳುವ ಚಟ.

ಸೊಸೈಟಿ ಬೀಜದ ಸಾಲು ನೋಡಿದೆ. ಅದರಲ್ಲೂ ಜವಾರಿ ಗೆರೆ ಇವೆ. ಸೊಸೈಟಿಯ ಸೀಲು ಮಾಡಿದ ಚೀಲದ ಬೀಜದಲ್ಲಿ ಜವಾರಿ ಎಲ್ಲಿಂದ ಬಂತು? ಆವತ್ತು ಎಲ್ಲರೂ ಕೆಂಚವ್ವನ ಸಾಲನ್ನೇ ನೋಡಿದೆವು; ಬಾಜೂಕಿನದನ್ನು ಯಾರೂ ನೋಡಲಿಲ್ಲ. ಅದರಾಚೆಯದು ಖಾಲಿ ಮನೆ. ಅದಕ್ಕೆ ಏನೂ ಹಾಕಿರಲಿಲ್ಲ. ಏನೂ ಹಾಕದ ಮನೆಯ ಕೆಳಗೆ ಗೆರೆ. ತೆಳ್ಳಗೆ, ಆದರೆ ಅವೇ ಗೆರೆ. ಎರಡೂ ಥರದವು.

ಸ್ಟೂಲಿನ ಮೇಲೆ ಕೂತುಬಿಟ್ಟೆ.

ಕಣಕ. ಬದಿಗಳಲ್ಲಿ ಮೇಲಿನ ತನಕ ಮೆತ್ತಿದ್ದೆ. ಕರೆಂಟ್ ಹರಿಯಲೆಂದು ಮನೆಗಳ ಮೇಲಿನ ತೊಟ್ಟಿಗೆ ತುಂಬಿದ ನೀರಿಗೆ ತಾಗಿ ಅದು ನೆನೆದಿದೆ, ರಸ ಬಿಟ್ಟಿದೆ. ಕಣಕ ಎಂದರೇನು? ಗೋಧಿ. ಅದರ ರಸ ಎಲ್ಲ ಸಾಲಿನಲ್ಲೂ ಇಳಿದಿದೆ. ಗೋಧಿಯ ಪರೀಕ್ಷೆಗೆ ಗೋಧಿಹಿಟ್ಟು ಮೆತ್ತಿದ ಜಾಣ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆದರೆ ಅವಳ ಮನೆಯ ಹಿಟ್ಟಿನಲ್ಲಿ ಸೊಸೈಟಿ ಗೆರೆ ಯಾಕೆ? ಹಾಗಾದರೆ ನಿಜವಾಗಿ...? ಇಲ್ಲ, ಕೇಳದೆ ಏನೂ ಅಂದುಕೊಳ್ಳುವುದಿಲ್ಲ. ಒಮ್ಮೆ ಅಂದುಕೊಂಡು ಆಗಿದೆ.

೧೬ ಅಕ್ಟೋಬರ್, ರವಿವಾರ

ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಳು. ಕೂಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿಂತುಕೊಂಡೇ ಹೇಳಿದೆ. ಮೊರದ ಮೇಲೆ ಕೈ ನಿಂತಿತು.

‘ಆ ಹಿಟ್ಟು ಬೀಜದ್ದಲ್ಲ ತಮ್ಮಾ. ಬೀಜ ಯಾರರ ಬೀಸ್ತಾರೇನ? ಮಂದಿ ತಿರಿಗಿ ಕೊಟ್ಟ ಕಾಳ ನಾ ಕಣಜಕ್ಕ ಹಾಕಂಗಿಲ್ಲ, ಅಡಗೀಗೆ ಇಟಗೋತೀನಿ. ಅದು ಶಿದ್ಲಿಂಗಪ್ಪ ಕೊಟ್ಟ ಕಾಳು.’

ಶಿದ್ಲಿಂಗಪ್ಪನವರ ಬೆರಕೆ ಬೆಳೆ. ಅವರು ತಿರುಗಿಸಿದ ಕಾಳು, ಅದರ ಹಿಟ್ಟು, ಅದರ ಕಣಕ, ನನ್ನ ಗಾಜು.

‘ಅವನ ಕಾಳ ಬಂದು ನನ್ನ ಮ್ಯಾಲ ಸಾಕ್ಷಿ ಹೇಳ್ತು,’ ಎಂದಳು. ‘ಅದೂ ನಾನ ನಾದಿ ಕೊಟ್ಟಿದ್ದು.’

ಮತ್ತೆ ಮಾಡಿ ನೋಡುತ್ತೇನೆ ಎಂದೆ. ಕಣಜದ ತೂತಿನಿಂದ ಇನ್ನೊಂದು ಹಿಡಿ ತೆಗೆದು ಕೊಟ್ಟಳು. ಈ ಸಲ ಹಿಟ್ಟು ಕೊಡಲಿಲ್ಲ.

೧೭ ಅಕ್ಟೋಬರ್, ಸೋಮವಾರ

ಸಾಹೇಬರಿಗೆ ಹೇಳಿದೆ. ಖಾಲಿ ಸಾಲು ತೋರಿಸಿದೆ. ನೋಡಿದರು. ಅರ್ಥವಾಯಿತು, ಮುಖ ನೋಡಿದರೆ ತಿಳಿಯುತ್ತದೆ. ಆದರೆ ಒಮ್ಮೆ ಹೇಳಿದ ಮಾತನ್ನು ತಿರುಗಿಸಿದರೆ ನಾಳೆ ಊರವರು ಕೇಂದ್ರವನ್ನು ನಂಬುವುದಿಲ್ಲವಂತೆ. ಇನ್ನು ಬಿಡಿ ತಿರಕಪ್ಪ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಆ ಕಣಜದಲ್ಲಿ ಬೀಜ ಯಾಕೆ ಇರುತ್ತದೆ? ಯಾರೂ ಒಯ್ಯದಿದ್ದರೆ ಬೀಸಿ ತಿನ್ನುತ್ತಾಳೆ, ಮುಗಿಯಿತು.

ಮಾಡಬೇಡಿ ಎಂದು ಮಾತ್ರ ಅನ್ನಲಿಲ್ಲ. ಅಷ್ಟು ಸಾಕು.

ಆದರೆ ಮತ್ತೆ ಅದೇ ಸೋರುವ ಗಾಜು! ಪುಸ್ತಕದಲ್ಲಿ ಅಗರ್ ಕರಗಿಸಿ ಅಂಚು ಮುಚ್ಚಿ ಎಂದಿದೆ. ಅಗರ್ ಬಾಟಲಿ ಖಾಲಿ. ತಳ ಕೆರೆದರೆ ಚಿಟಿಕೆ ಇಲ್ಲ.

೧೮ ಅಕ್ಟೋಬರ್, ಮಂಗಳವಾರ

ಎರಡು ಗಾಜು ಒಂದಕ್ಕೊಂದು ಬಡಿದು ಒಂದು ಮೂಲೆ ಮುಕ್ಕಾಯಿತು. ಮುಕ್ಕಾದದ್ದನ್ನು ಮೇಲೆ ಮಾಡಿದೆ. ಮೂಲೆ ನಾಲ್ಕು ಇವೆಯಲ್ಲ, ಇನ್ನೂ ಮೂರು ಮುಕ್ಕು ಮಾಡಲು ಅವಕಾಶವಿದೆ.

ಸಿಟ್ಟಿನಲ್ಲಿ ಔಷಧ ಬಿಟ್ಟು ಬರೀ ನೀರು ತುಂಬಿ ನೋಡುತ್ತ ಕೂತೆ. ಇದನ್ನು ಮೊದಲೇ ಮಾಡಬೇಕಿತ್ತು. ನೀರಿಗೆ ವಿಷವಿಲ್ಲ, ಖರ್ಚಿಲ್ಲ, ಅವಸರವಿಲ್ಲ. ಕ್ಲಿಪ್ಪಿನ ಬಾಯಿ ಪಟ್ಟಿಯನ್ನು ದಾಟಿ ಒಳಗೆ ಕಚ್ಚಿದರೆ ಗಾಜು ಅಲ್ಲಿ ಬಗ್ಗುತ್ತದೆ, ಅಂಚಿನಲ್ಲಿ ಬಾಯಿ ಬಿಡುತ್ತದೆ. ಕ್ಲಿಪ್ ಹೆಚ್ಚಾದಷ್ಟೂ ಬಾಯಿ ಹೆಚ್ಚು. ಸರಿಯಾಗಿ ಪಟ್ಟಿಯ ಮೇಲೆಯೇ ಕಚ್ಚಿಸಿದೆ. ಅರ್ಧ ನಿಂತಿತು. ಉಳಿದ ಅರ್ಧ ಮೂಲೆಯಲ್ಲಿ. ಅಡ್ಡಪಟ್ಟಿ, ಉದ್ದಪಟ್ಟಿ ಕೂಡುವ ಕಡೆ ಕತ್ತರಿಯಿಂದ ಓರೆ ಕತ್ತರಿಸಿದ್ದೆ. ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿ ಒಂದಕ್ಕೊಂದು ಒತ್ತಿ ಕೂಡಿಸಿದೆ. ಆದರೂ ಒಂದು ಹನಿ. ಒಂದೇ. ಆ ಒಂದು ಹನಿ ನನ್ನನ್ನೇ ನೋಡುತ್ತಿತ್ತು.

ಸಂಜೆ ಲ್ಯಾಬಿನ ಬಾಗಿಲು ಹಾಕುವಾಗ ಹೊಳೆಯಿತು. ಅಗರ್ ಎಂದರೆ ಚೈನಾಗ್ರಾಸ್ ಅಲ್ಲವೇ? ಸಮುದ್ರದ ಪಾಚಿ, ಅದರಲ್ಲಿ ಗೋಧಿಯೂ ಇಲ್ಲ, ಗೆರೆಯೂ ಇಲ್ಲ. ರಂಜಾನಿಗೆ ಹಾಲಿನಲ್ಲಿ ಹಾಕಿ ಕುದಿಸುತ್ತಾರೆ. ಮಶಾಕಸಾಬರನ್ನು ಕೇಳಿದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಸರ, ಮೊದಲ ಕಣಕ. ಈಗ ಸಿಹಿ. ಊಟಕ್ಕ ಯಾವಾಗ ಕರಿತೀರಿ?’

೧೯ ಅಕ್ಟೋಬರ್, ಬುಧವಾರ

ಖಾಸಿಂಬಿ ಒಂದು ಹಿಡಿ ಕಳಿಸಿದ್ದರು, ಸಕ್ಕರೆ ಹಾಕಬೇಕಾದರೆ ಕುದಿ ಬಂದ ಮೇಲೆ ಹಾಕಿ ಎಂಬ ಮಾತಿನೊಂದಿಗೆ. ಕುದಿಸಿ, ಬಿಸಿ ಇರುವಾಗಲೇ ತಳಕ್ಕೂ ಮೂಲೆಗೂ ಹೊರಗಿನಿಂದ ಸುರಿದೆ. ಆರಲು ಬಿಟ್ಟೆ. ಗಾಜಿಗೆ ಅಂಟಿ ಕೂತಿತು. ನೀರು ತುಂಬಿ, ಚಹಾ ಕುಡಿದು ಬಂದು ನೋಡಿದೆ. ಪೇಪರ್ ಒಣಗಿತ್ತು. ನೀರು ಚೆಲ್ಲಿ ಔಷಧ ಸುರಿದೆ. ಒಣಗಿತ್ತು. ಖುಷಿಪಡಲಿಲ್ಲ. ಹೋದ ಸಲ ಖುಷಿಪಟ್ಟು ಆಗಿದೆ.

ಎರಡು ಮನೆ ಬೇಕೆಂದೇ ಖಾಲಿ ಬಿಟ್ಟೆ.

೨೨ ಅಕ್ಟೋಬರ್, ಶನಿವಾರ

ದಸರೆಯ ರಜೆಯಲ್ಲಿ ಬೀಗದಕೈ ಹುಡುಕಿಸಿ ಬಂದು ಬಣ್ಣ ಬಿಡಿಸಿದೆ. ಖಾಲಿ ಸಾಲು ಎರಡೂ ಖಾಲಿ. ಸೊಸೈಟಿಯದರಲ್ಲಿ ಸೊಸೈಟಿ ಗೆರೆ ಮಾತ್ರ. ಶಿದ್ಲಿಂಗಪ್ಪನವರದರಲ್ಲಿ ಎರಡೂ. ಕೆಂಚವ್ವನ ಕಣಜದ್ದು ಜವಾರಿ. ಶುದ್ಧ ಜವಾರಿ, ಬೇರೆ ಒಂದು ಗೆರೆಯೂ ಇಲ್ಲ.

ಗಾಜನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅವಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. ಯಾವುದು ತನ್ನದು ಎಂದು ಕೇಳಿ, ಆ ಸಾಲಿನ ಮೇಲೆ, ಮುಟ್ಟದೆ, ಬೆರಳು ಓಡಿಸಿದಳು.

‘ನನಗ ಮೊದಲಽ ಗೊತ್ತಿತ್ತು. ನನಗ ತೋರಿಸಿದ್ರ ಏನ್ ಬಂತು? ಅವರಿಗೆ ಹೇಳು.’

೨೫ ಅಕ್ಟೋಬರ್, ಮಂಗಳವಾರ. ಸೀಗಿ ಹುಣ್ಣಿಮೆ

ಸಾಹೇಬರಿಗೆ ಹೇಳಿದೆ, ಊರವರಿಗೆ ನಿಜ ತಿಳಿಸಿ ಬರುತ್ತೇನೆ ಎಂದು. ನನ್ನ ಹೆಸರು ತೆಗೆಯಬೇಡಿ ಎಂದರು. ಆಯಿತು.

ಸಂಜೆ, ಹೊಲದಲ್ಲಿ ಹಬ್ಬದ ಊಟ ಉಂಡು ಬಂದವರೆಲ್ಲ ಗುಡಿಯ ಕಟ್ಟೆಯ ಮೇಲೆ ಇದ್ದರು. ಶಿದ್ಲಿಂಗಪ್ಪನವರೂ ಇದ್ದರು. ಪರೀಕ್ಷೆ, ಫಲಿತಾಂಶ ಎಂದು ಶುರುಮಾಡಿದೆ. ಯಾರೂ ಕೇಳಲಿಲ್ಲ, ಒಬ್ಬರು ಎಲೆಗೆ ಸುಣ್ಣ ಹಚ್ಚತೊಡಗಿದರು. ಬಿಟ್ಟೆ. ಅಜ್ಜಿ ಹೇಳುತ್ತಿದ್ದ ಹಾಗೆ ಹೇಳಿದೆ. ಒಂದೂರಿನಲ್ಲಿ ಒಬ್ಬ ಓದಿದ ಹುಚ್ಚ ಇದ್ದ, ಅವನ ಹತ್ತಿರ ಎರಡು ಗಾಜು ಇದ್ದವು, ಏನು ಸುರಿದರೂ ಸೋರುತ್ತಿದ್ದವು... ಮುಳ್ಳುಹಂದಿಗೆ ನಕ್ಕರು. ಕಣಕಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಲಿ ಮನೆಯಲ್ಲಿ ಗೆರೆ ಬಂದಾಗ ನಗು ನಿಂತಿತು. ಹಿಟ್ಟು ಯಾರ ಕಾಳಿನದು ಎಂದು ನಾನು ಹೇಳುವ ಮೊದಲೇ ಮೂಲೆಯಲ್ಲಿದ್ದ ಮುದುಕ ಬೀರಲಿಂಗಪ್ಪನವರು ಕೇಳಿದರು. ಹೇಳಿದೆ.

ಬೀರಲಿಂಗಪ್ಪನವರು ತಿರುಗಿದರು. ‘ಶಿದ್ಲಿಂಗಾ, ಹೋದ ವರ್ಷ ಕೆರಿ ಕಡಿ ಹೊಲಕ್ಕ ಸೊಸೈಟಿದು ಬಿತ್ತಿದ್ಯಲ್ಲ. ಅದಽ ಕೂರಿಗಿನಽ ಈಚಿ ಹೊಲಕ್ಕ ಹೊಡದಿ ಹೌದಿಲ್ಲೋ?’

ಶಿದ್ಲಿಂಗಪ್ಪನವರು ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದರು. ಬಿತ್ತುವ ಕೂರಿಗೆಯಲ್ಲಿ ಉಳಿದ ಕಾಳಿನಿಂದಲೇ ಬೆರೆಯಿತೋ, ಚೀಲದಿಂದಲೋ, ಕಣದಲ್ಲೋ, ಅದು ನನ್ನ ಗಾಜಿಗೆ ಗೊತ್ತಾಗುವುದಿಲ್ಲ. ಅದನ್ನೂ ಹೇಳಿದೆ. ಕಣಜದ್ದಲ್ಲ ಎಂಬುದಷ್ಟೇ ಗೊತ್ತು ಎಂದೆ. ಒಬ್ಬೊಬ್ಬರಾಗಿ ಎದ್ದು ಹೋದರು. ಇಷ್ಟೆಲ್ಲ ಒದರಿ ಏನಾಯಿತು ಎಂದು ಬೈದುಕೊಳ್ಳುತ್ತ ರೂಮಿಗೆ ಬಂದೆ.

೨೬ ಅಕ್ಟೋಬರ್, ಬುಧವಾರ. ಬೆಳಿಗ್ಗೆ

ಲ್ಯಾಬಿನ ಗೇಟಿನಲ್ಲಿ ಜನ! ನಿನ್ನೆ ಕಟ್ಟೆಯ ಮೇಲೆ ಇದ್ದವರೇ. ಒಬ್ಬೊಬ್ಬರ ಕೈಯಲ್ಲೂ ಅರಿವೆಯ ಗಂಟು. ಗಂಟಿನಲ್ಲಿ ಗೋಧಿ. ನಮ್ಮದೂ ನೋಡಿ ಹೇಳಿ ಎನ್ನುತ್ತಾರೆ. ದೇವರೇ. ಇವತ್ತು ಹೋಗಬೇಕಾದದ್ದು ಕೆಂಚವ್ವನ ಬಾಗಿಲಿಗೆ, ನನ್ನ ಬಾಗಿಲಿಗೆ ಅಲ್ಲ ಎಂದು ಕೂಗಿದೆ. ಯಾರೂ ಕದಲಲಿಲ್ಲ. ಕೊನೆಗೆ ಶಿದ್ಲಿಂಗಪ್ಪನವರೇ ಬಾಯಿ ಬಿಟ್ಟರು. ‘ಅಕೀ ಮುಂದ ಹೋಗಿ ಏನಂತ ನಿಂದ್ರೂದ್ರಿ? ಇಲ್ಲೆ ನಿಂದ್ರೂದು ಸಲೀಸು ಐತಿ.’

ಮಶಾಕಸಾಬರು ಗಂಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿಕೊಳ್ಳುತ್ತಿದ್ದರು. ಯಾರದು ಯಾವುದು ಎಂದು ಗುರುತು ಹಾಕುವ ಮೊದಲೇ ಎಲ್ಲ ಕಲಸುಮೇಲೋಗರ.

ಆಗ ಕೆಂಚವ್ವ ಬಂದಳು. ಕೈಯಲ್ಲಿ ಕಣಜದ ಬಾಯಿಯ ಮಣ್ಣು ಇನ್ನೂ ಅಂಟಿತ್ತು. ಯಾರ ಮುಖವನ್ನೂ ನೋಡಲಿಲ್ಲ.

‘ಬಾಯಿ ಒಡದೀನಿ. ಬಿಸಲ ಏರೂದರಾಗ ಬರೂರು ಬರ್ರಿ. ಆಮ್ಯಾಲ ಮುಚ್ಚತೀನಿ.’

ಹೇಳಿ ತಿರುಗಿ ನಡೆದಳು. ಒಬ್ಬರು ಅವಳ ಹಿಂದೆ ಹೋದರು. ಇನ್ನೊಬ್ಬರು. ಆಮೇಲೆ ಎಲ್ಲರೂ. ಶಿದ್ಲಿಂಗಪ್ಪನವರು ಗೇಟಿನ ತನಕ ಹೋಗಿ ನಿಂತರು. ತಿರುಗಿ ಬಂದರು. ಮೇಜಿನ ಮೇಲಿದ್ದ ತಮ್ಮ ಗಂಟು ಬಿಚ್ಚಿ, ಕಾಳನ್ನೆಲ್ಲ ಅಲ್ಲೇ ಸುರಿದು, ಅರಿವೆಯನ್ನು ಎರಡು ಸಲ ಝಾಡಿಸಿದರು. ಯಾಕ್ರಿ ಎಂದೆ.

‘ಬೀಜ ಕಟಗೊಂಡ ಬರಾಕ ಅರಿವಿ ಬೇಕಲ್ರಿ. ಒಂದ ಕಾಳ ಇರಬಾರದು.’

ಮೂರನೆಯ ಸಲವೂ ಝಾಡಿಸಿ, ಬಿಸಿಲಿಗೆ ಹಿಡಿದು ನೋಡಿ, ಹೋದರು.

ಮೇಜಿನ ತುಂಬ ಗೋಧಿ. ಗಾಜಿನ ಮೇಲೆ ಗೋಧಿ. ತೊಟ್ಟಿಯೊಳಗೆ ಗೋಧಿ. ಮಶಾಕಸಾಬರು ಕಸಬರಿಗೆ ಹಿಡಿದು ಎಲ್ಲಿಂದ ಶುರುಮಾಡಲಿ ಎಂದು ಕೇಳುತ್ತಿದ್ದಾರೆ. ಮೊದಲು ಆ ಗಾಜು ಎಂದೆ, ಒಂದು ಕಾಳೂ ಇರಬಾರದು.